ಗಿರಮಿಟ್ಟು ಮತ್ತು ಚಹಾ

ಜಪಾನದ ಚಹಾಗೃಹದಲ್ಲಿ ಮೊದಲು ಸಿಹಿ ತಿಂದು, ಆಮೇಲೆ ಕಹಿಯಾದ ಹಸಿರು ಚಹಾ ಕುಡಿಯುವರು. ನಮ್ಮ ಅಣ್ಣಿಗೇರಿ, ನವಲಗುಂದಗಳ ಚಹಾದಂಗಡಿಯಲ್ಲಿ ಕ್ರಮವೇ ತಿರುವುಮುರುವು: ಮೊದಲು ಖಾರ, ಆಮೇಲೆ ಸಕ್ಕರೆ ಸುರಿದ ಚಹಾ.

ಗಿರಮಿಟ್ಟೆಂದರೆ ಚುರಮುರಿಗೆ ಒಗ್ಗರಣೆಯ ಉಳ್ಳಾಗಡ್ಡಿ, ಹುಣಸೆಹುಳಿ, ಬೆಲ್ಲ ಬೆರೆಸಿ ಪುಠಾಣಿ ಹಿಟ್ಟು ಉದುರಿಸಿದ್ದು. ಹಿಟ್ಟು ಹಸಿಯನ್ನು ಹೀರಿ ಚುರಮುರಿಯನ್ನು ಸ್ವಲ್ಪ ಹೊತ್ತು ಕಾಯುವದು. ಆದುದರಿಂದ ಕಲಸಿದ ಕೂಡಲೆ ತಿನ್ನಬೇಕು. ಜೊತೆಗೆ ಮಿರ್ಚಿ ಭಜಿ ಬೇಕೇ ಬೇಕು.

ಸಂತೆಯ ದಿನ ನಮ್ಮಪ್ಪ ಒಂದೇ ಪ್ಲೇಟು ತರಿಸಿ, “ನನಗ ಹಸಿವಿಲ್ಲೋ, ನೀ ತಿನ್ನು” ಎಂದು ಚಹಾವನ್ನಷ್ಟೇ ಬಸಿಗೆ ಸುರುವಿ ಕುಡಿಯುತ್ತಿದ್ದ. ಕಾಲೇಜು ಸೇರಿದ ಮೇಲೆ ಆ ಸುರ್ರೆನ್ನುವ ಸಪ್ಪಳಕ್ಕೆ ನಾನು ನಾಚಿದ್ದುಂಟು. ಮೊನ್ನೆ ವಿದ್ಯಾರ್ಥಿವೇತನ ಬಂದಾಗ ಎರಡು ಪ್ಲೇಟು ಹೇಳಿದೆನು. ಅಪ್ಪ ತನ್ನದನ್ನು ಪೂರ್ತಿ ತಿಂದ. ಪ್ಲೇಟಿಗಂಟಿದ ಹಿಟ್ಟನ್ನೂ ಬಿಡಲಿಲ್ಲ.