ಸೆಲೈನ್ಸ್ ಪಾದ್ರಿಯ ಬೀದಿಪಟ್ಟಿ

1686ರಲ್ಲಿ ನ್ಯೂಯಾರ್ಕಿನ ಡಚ್ ಚರ್ಚಿನ ಪಾದ್ರಿ ಹೆನ್ರಿಕಸ್ ಸೆಲೈನ್ಸ್ ತನ್ನ ಸಭೆಯ ಸದಸ್ಯರ ಪಟ್ಟಿಯೊಂದನ್ನು ಬರೆದಿಟ್ಟ. ಅಕ್ಷರಾನುಕ್ರಮದಲ್ಲಿ ಬರೆಯಲಿಲ್ಲ, ಸಭೆಗೆ ಸೇರಿದ ತಾರೀಖಿನ ಪ್ರಕಾರವೂ ಬರೆಯಲಿಲ್ಲ. ಬೀದಿ ಹಿಡಿದು ಬರೆದ. ಮೊದಲು ಬೀದಿಯ ಹೆಸರು, ಅದರ ಕೆಳಗೆ ಆ ಬೀದಿಯಲ್ಲಿದ್ದ ಗಂಡಸಿನ ಹೆಸರು, ಜೊತೆಗೆ ಹೆಂಡತಿಯದು. ವಿಧವೆಯಾದರೆ ಯಾರ ವಿಧವೆ ಎಂಬ ಟಿಪ್ಪಣಿ. ಮನೆಮನೆಗೆ ಹೋಗಿ ಸದಸ್ಯರನ್ನು ಕಂಡುಬರಬೇಕಾಗಿದ್ದ ಸಭಾಪಾಲಕನಿಗೆ ಅದಕ್ಕಿಂತ ಅನುಕೂಲವಾದ ಕ್ರಮ ಇನ್ನೊಂದಿಲ್ಲ. ಮುನ್ನೂರು ಚಿಲ್ಲರೆ ವರ್ಷಗಳ ನಂತರ, ಡಚ್ ಕಾಲದ ಮನೆತನಗಳ ಬೇರು ಹುಡುಕುವವರಿಗೂ ಅದಕ್ಕಿಂತ ದೊಡ್ಡ ನಿಧಿ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಪಟ್ಟಿಯ ಅಚ್ಚಾದ ಪ್ರತಿ ನಾನು ನೋಡಿದ್ದು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿ. ಫಿಫ್ತ್ ಅವೆನ್ಯೂದಲ್ಲಿರುವ ಆ ಕಟ್ಟಡದ 121ನೇ ಕೊಠಡಿ ಸ್ಥಳೀಯ ಇತಿಹಾಸ ಮತ್ತು ವಂಶಾವಳಿಗೆಂದೇ ಮೀಸಲು. ಡಚ್ ವಸಾಹತಿನವರ ವಂಶಸ್ಥರ ಸಂಘವಾದ ಹಾಲೆಂಡ್ ಸೊಸೈಟಿ 1916ರಲ್ಲಿ ತಂದ ವಾರ್ಷಿಕ ಸಂಪುಟದಲ್ಲಿ ಸೆಲೈನ್ಸ್‌ನ ದಾಖಲೆಗಳು ಸೇರಿವೆ. ಸುತ್ತಲಿನ ಮೇಜುಗಳಲ್ಲಿ ಕೂತವರೆಲ್ಲ ತಮ್ಮ ತಮ್ಮ ಮುತ್ತಜ್ಜಂದಿರನ್ನು ಹುಡುಕುತ್ತಿದ್ದರು. ಆ ಪುಟಗಳಲ್ಲಿ ನನ್ನವರು ಯಾರೂ ಇರುವ ಸಾಧ್ಯತೆಯಿರಲಿಲ್ಲ. ಆದರೂ ಹಾಳೆ ತಿರುವುತ್ತಾ ಹೋದಂತೆ ಎದ್ದುಬರಲು ಮನಸ್ಸಾಗಲಿಲ್ಲ. ಬ್ರಾಡ್‌ವೇ ಇತ್ತು, ಪರ್ಲ್ ಸ್ಟ್ರೀಟ್ ಇತ್ತು, ಬೆಳಿಗ್ಗೆಯಷ್ಟೇ ನಾನು ನಡೆದುಬಂದ ಬೀದಿಗಳು ಡಚ್ ಹೆಸರಿನಲ್ಲಿ, ಅಲ್ಲಿ ಸಂಸಾರ ಮಾಡಿದ್ದ ದಂಪತಿಗಳ ಸಮೇತ ಇದ್ದವು.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಡಚ್ ವೆಸ್ಟ್ ಇಂಡಿಯಾ ಕಂಪನಿ 1624ರಲ್ಲಿ ಇಲ್ಲಿನ ತನ್ನ ವಸಾಹತಿಗೆ ಮೊದಲ ಕುಟುಂಬಗಳನ್ನು ಕಳಿಸಿತು. 1628ರಲ್ಲಿ ಜೊನಾಸ್ ಮಿಖೇಲಿಯಸ್ ಎಂಬ ಪಾದ್ರಿ ಬಂದು ಸಭೆ ಕಟ್ಟಿದ. ಮೊದಲ ಕರ್ತನ ಭೋಜನಕ್ಕೆ ಐವತ್ತು ಜನ ಸೇರಿದ್ದರೆಂದು ಅವನೇ ಊರಿಗೆ ಬರೆದ ಕಾಗದದಲ್ಲಿದೆ. 1664ರಲ್ಲಿ ಇಂಗ್ಲಿಷರು ಬಂದು ನ್ಯೂ ಆಮ್‌ಸ್ಟರ್‌ಡ್ಯಾಮ್ ಅನ್ನು ನ್ಯೂಯಾರ್ಕ್ ಮಾಡಿದರು. ರಾಜ್ಯ ಕೈಬದಲಾದರೂ ಚರ್ಚು ಡಚ್ಚರದಾಗಿಯೇ ಉಳಿಯಿತು. ಅಲ್ಲಿ ಇಂಗ್ಲಿಷಿನಲ್ಲಿ ಪ್ರವಚನ ಶುರುವಾಗಲು ಇನ್ನೂ ನೂರು ವರ್ಷ, ಅಂದರೆ 1764, ಆಗಬೇಕಾಯಿತು. ಮೊದಲ ಹತ್ತು ವರ್ಷಗಳ ಕಡತ ಇಂದು ಉಳಿದಿಲ್ಲ. ಮದುವೆ ಮತ್ತು ದೀಕ್ಷಾಸ್ನಾನದ ದಾಖಲೆ 1639ರಿಂದ, ಸದಸ್ಯರ ಪಟ್ಟಿ 1649ರಿಂದ ಸಿಗುತ್ತವೆ.

ಸದಸ್ಯತ್ವವೆಂದರೆ ಹೆಸರು ಬರೆಸಿದರೆ ಆಯಿತು ಎನ್ನುವಂಥದ್ದಲ್ಲ. ವಯಸ್ಸಿಗೆ ಬಂದವರು ಹಿರಿಯರ ಮುಂದೆ ನಿಂತು ತಮ್ಮ ವಿಶ್ವಾಸವನ್ನು ಅರಿಕೆ ಮಾಡಬೇಕಿತ್ತು. ಇಲ್ಲವೇ ಹಿಂದಿದ್ದ ಊರಿನ ಚರ್ಚಿನಿಂದ ಪ್ರಮಾಣಪತ್ರ ತರಬೇಕಿತ್ತು. ಹುಡುಕಾಟದವರಿಗೆ ಈ ಎರಡು ದಾರಿಗಳೂ ಬೆಲೆಯುಳ್ಳವು. ಅರಿಕೆ ಮಾಡಿ ಸೇರಿದವನ ವಯಸ್ಸನ್ನು ಇಪ್ಪತ್ತರ ಆಸುಪಾಸು ಎಂದು ಅಂದಾಜಿಸಬಹುದು. ಪತ್ರ ತಂದವನ ಹೆಸರಿನ ಪಕ್ಕದಲ್ಲಿ ಊರು ನಮೂದಾಗಿದ್ದರೆ ಹುಡುಕಾಟ ಅಟ್ಲಾಂಟಿಕ್ ದಾಟಿ ಆ ಊರಿನ ಚರ್ಚಿನ ಪುಸ್ತಕಕ್ಕೇ ಹೋಗಿ ಮುಟ್ಟುತ್ತದೆ. ಊರು ಬಿಟ್ಟು ಹೋದವರ, ತೀರಿಕೊಂಡವರ ಪಕ್ಕದಲ್ಲಿ ಪುಟ್ಟ ಟಿಪ್ಪಣಿಗಳಿರುತ್ತವೆ. ದೀಕ್ಷಾಸ್ನಾನದ ಪುಸ್ತಕದಲ್ಲಾದರೆ ಸಾಕ್ಷಿಗಳ ಹೆಸರಿನ ಮೇಲೆ ಕಣ್ಣಿಡಬೇಕು. ಸಾಕ್ಷಿಗೆ ನಿಂತವರು ಬಹುಪಾಲು ಅಜ್ಜ, ಅಜ್ಜಿ, ಸೋದರಮಾವ, ಚಿಕ್ಕಮ್ಮಂದಿರೇ. ಮೊದಲ ಮಕ್ಕಳಿಗೆ ಅಜ್ಜ ಅಜ್ಜಿಯರ ಹೆಸರಿಡುವ ರೂಢಿಯೂ ಇತ್ತು. ಒಂದು ಮನೆಯ ಮಕ್ಕಳ ಹೆಸರನ್ನು ಸಾಲಾಗಿ ಬರೆದುಕೊಂಡರೆ ಹಿಂದಿನ ತಲೆಮಾರು ಅರ್ಧ ಸಿಕ್ಕಿದಂತೆಯೇ.

ಹೊಸಬರು ಎಡವುವುದು ಹೆಸರುಗಳಲ್ಲಿ. ಮನೆತನದ ಹೆಸರು ಎಂಬ ಪದ್ಧತಿ ಆಗಿನ ಡಚ್ಚರಲ್ಲಿ ಹಲವರಿಗೆ ಇರಲೇ ಇಲ್ಲ. ತನ್ನ ಹೆಸರು, ಅಪ್ಪನ ಹೆಸರು, ಬೇಕಾದರೆ ಊರಿನ ಹೆಸರು, ಅಷ್ಟೇ. ಹೆಸರಿನ ಹಿಂದೆ ಊರು ಮತ್ತು ಅಪ್ಪನ ಇನಿಷಿಯಲ್ ಹೊತ್ತು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಕೊಠಡಿಯಲ್ಲಿದ್ದ ಅಮೆರಿಕನ್ನರಿಗೆ ಇದು ದೊಡ್ಡ ಗೋಜಲು. ಇಬ್ಬರು ಅಧ್ಯಕ್ಷರನ್ನು ಕೊಟ್ಟ ರೂಸ್‌ವೆಲ್ಟ್ ಮನೆತನದ ಮೂಲಪುರುಷ ಕ್ಲಾಸ್ ಮಾರ್ಟೆನ್ಸನ್, ಅಂದರೆ ಮಾರ್ಟೆನ್‌ನ ಮಗ ಕ್ಲಾಸ್. ರೋಸೆನ್‌ವೆಲ್ಟ್ ಎಂಬುದು ಅವನ ಹೆಸರಿಗೆ ಅಂಟಿಕೊಂಡಿದ್ದ ಊರು. ಅವನ ಹೆಂಡತಿ ಯಾನೆಟ್ಯೆ ತೋಮಾಸ್. ಮದುವೆಯಾದ ಮೇಲೂ ಆಕೆ ತೋಮಾಸ್‌ನ ಮಗಳೇ.

ಹೆಂಗಸರು ಮದುವೆಯ ನಂತರವೂ ಹುಟ್ಟುಹೆಸರಿನಲ್ಲೇ ಉಳಿದದ್ದು ಈ ದಾಖಲೆಗಳ ದೊಡ್ಡ ಸೊಗಸು. ಇದಕ್ಕೆ ನನಗೆ ತೀರಾ ಇಷ್ಟವಾದ ಉದಾಹರಣೆ ಒಂದು ಮನೆಯ ಅಜ್ಜಿ, ಮಗಳು, ಮೊಮ್ಮಗಳು. ಅಜ್ಜಿ ಟ್ರೈನ್ ಯೋನಾಸ್, ಊರಿನ ಸೂಲಗಿತ್ತಿ. ಮಗಳು ಆನೆಕೆ ಯಾನ್ಸ್, ನಾರ್ವೆಯ ಫ್ಲೆಕೆರೋ ದ್ವೀಪದಲ್ಲಿ ಹುಟ್ಟಿ ಆಮ್‌ಸ್ಟರ್‌ಡ್ಯಾಮ್ ಮಾರ್ಗವಾಗಿ ಬಂದವಳು. ಆಕೆಯ ಮೊದಲ ಗಂಡ ರೂಲೋಫ್ ಯಾನ್ಸೆನ್. ಅವನು ತೀರಿಕೊಂಡ ಮೇಲೆ ಊರಿನ ಎರಡನೆಯ ಪಾದ್ರಿ ಎವೆರಾರ್ಡಸ್ ಬೊಗಾರ್ಡಸ್‌ನನ್ನು ಮದುವೆಯಾದಳು. ಮೊದಲ ಗಂಡನಿಂದ ಹುಟ್ಟಿದ ಮಗಳು ಸಾರಾ ರೂಲೋಫ್ಸ್. ಮೂವರೂ ಒಂದೇ ಕರುಳಿನವರು, ಆದರೆ ಮೂವರ ಹೆಸರಿನಲ್ಲೂ ಪರಸ್ಪರ ಹೊಂದುವ ಒಂದು ತುಣುಕೂ ಇಲ್ಲ. ಸಾರಾಳ ಮಕ್ಕಳು ಮತ್ತೆ ಕಿಯರ್‌ಸ್ಟೆಡೆ ಎಂಬ ಇನ್ನೊಂದು ಹೆಸರಿನವರು. ಮನೆತನದ ಹೆಸರನ್ನೇ ನಂಬಿ ಹೊರಟವರಿಗೆ ಈ ಸಂಸಾರ ಎಂದೂ ಸಿಗುವುದಿಲ್ಲ. ಚರ್ಚಿನ ಪುಸ್ತಕದಲ್ಲಿ ಸಾಕ್ಷಿಗಳನ್ನು ಹಿಡಿದು ಹೋದವರಿಗೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ.

ಸಾರಾಳ ಮದುವೆಗೂ ಚರ್ಚಿಗೂ ಇನ್ನೊಂದು ನಂಟಿದೆ. 1642ರ ಬೇಸಿಗೆಯಲ್ಲಿ ಆಕೆ ಶಸ್ತ್ರವೈದ್ಯ ಹಾನ್ಸ್ ಕಿಯರ್‌ಸ್ಟೆಡೆಯನ್ನು ವರಿಸಿದಳು. ಕೋಟೆಯೊಳಗೆ ಕಲ್ಲಿನ ಚರ್ಚು ಕಟ್ಟಿಸಲು ಗವರ್ನರ್ ಕೀಫ್ಟ್ ಹಣ ಹೊಂದಿಸುತ್ತಿದ್ದ ಕಾಲ ಅದು. ಪಾದ್ರಿಯ ಮನೆಯ ಮದುವೆಯೆಂದರೆ ಊರಿನ ಗಣ್ಯರೆಲ್ಲ ಸೇರುತ್ತಾರೆ. ನಾಲ್ಕೈದು ಸುತ್ತು ಮದ್ಯ ಆದ ಮೇಲೆ ಕೀಫ್ಟ್ ಚಂದಾಪಟ್ಟಿ ಹೊರತೆಗೆದ. ತಾನು ಮೊದಲು ಬರೆದು ಉಳಿದವರ ಮುಂದೆ ಹಿಡಿದ. ಎಲ್ಲರೂ ಧಾರಾಳವಾಗಿ ಬರೆದರು. ಮಾರನೆಯ ದಿನ ಕೆಲವರಿಗೆ ಪಶ್ಚಾತ್ತಾಪವಾಯಿತಂತೆ. ಆದರೆ ಬರೆದದ್ದನ್ನು ಯಾರಿಗೂ ಬಿಡಲಿಲ್ಲ. ಆ ಚರ್ಚು 1741ರ ಬೆಂಕಿಯಲ್ಲಿ ಹೋಯಿತು. ಕೋಟೆಯಿದ್ದ ಜಾಗದಲ್ಲಿ ಇಂದು ಹಳೆಯ ಕಸ್ಟಮ್ ಹೌಸ್ ನಿಂತಿದೆ.

ಆನೆಕೆಯ ಹೆಸರು ಮುಂದೆ ಇನ್ನೊಂದು ದುಃಖದ ಕಥೆಗೆ ಸಿಕ್ಕಿಕೊಂಡಿತು. ಮ್ಯಾನ್‌ಹ್ಯಾಟನ್ನಿನ ಪಶ್ಚಿಮ ದಂಡೆಯಲ್ಲಿದ್ದ ಆಕೆಯ 62 ಎಕರೆ ಜಮೀನನ್ನು ವಾರಸುದಾರರು 1671ರಲ್ಲಿ ಇಂಗ್ಲಿಷ್ ಗವರ್ನರನಿಗೆ ಮಾರಿದರು. 1705ರಲ್ಲಿ ಅದು ಇಂಗ್ಲೆಂಡಿನ ರಾಣಿಯ ದಾನವಾಗಿ ಟ್ರಿನಿಟಿ ಚರ್ಚಿಗೆ ಸೇರಿತು. ಮಾರಾಟಪತ್ರಕ್ಕೆ ಒಬ್ಬ ಮಗನ ಪಾಲಿನ ಸಹಿ ಇರಲಿಲ್ಲ ಎಂಬ ಒಂದು ಕೂದಲೆಳೆ ಹಿಡಿದು ಹತ್ತೊಂಬತ್ತನೆಯ ಶತಮಾನದುದ್ದಕ್ಕೂ, ಅದರಾಚೆಗೂ, ವಾರಸುದಾರರ ಸಂಘಗಳು ಹುಟ್ಟಿಕೊಂಡವು. ಆನೆಕೆ ಆರೆಂಜ್ ರಾಜಮನೆತನದ ಕುಡಿ ಎಂಬ ಸುಳ್ಳು ವಂಶವೃಕ್ಷವೂ ತಯಾರಾಯಿತು. ಕೋಟಿಗಟ್ಟಲೆ ಡಾಲರ್ ಬರುತ್ತದೆಂದು ನಂಬಿ ಬಡವರು ಚಂದಾ ಕಟ್ಟಿದರು. ನ್ಯಾಯಾಲಯಗಳು ಪ್ರತಿಸಲವೂ ಆ ಹಕ್ಕನ್ನು ತಳ್ಳಿಹಾಕಿದವು. ಸೂಲಗಿತ್ತಿಯ ಮಗಳಾಗಿ, ಎರಡು ಸಲ ವಿಧವೆಯಾಗಿ, ಮಕ್ಕಳನ್ನು ಸಾಕಿ ದಡ ಮುಟ್ಟಿಸಿದ ಹೆಣ್ಣಿಗೆ ಯಾವ ರಾಜವಂಶದ ಕಿರೀಟವೂ ಬೇಕಿರಲಿಲ್ಲ.

ವಂಶದ ಹೆಮ್ಮೆಯ ಬಗ್ಗೆ ನನಗಿರುವ ಅನುಮಾನ ಇಲ್ಲಿಂದಲೇ ಬಂದದ್ದು. 1885ರಲ್ಲಿ ಹುಟ್ಟಿದ ಹಾಲೆಂಡ್ ಸೊಸೈಟಿಗೆ ಸದಸ್ಯನಾಗಬೇಕಾದರೆ, 1675ಕ್ಕೆ ಮೊದಲು ಡಚ್ ವಸಾಹತಿನಲ್ಲಿದ್ದವನ ನೇರ ಗಂಡು ಸಂತತಿಯಾಗಿರಬೇಕೆಂಬ ನಿಯಮವಿತ್ತು. ಈ ಕಡತಗಳನ್ನು ಅಚ್ಚು ಹಾಕಿಸಿ ಉಳಿಸಿದ ಉಪಕಾರ ಅವರದು, ಅದನ್ನು ಮರೆಯಲಾರೆ. ಆದರೆ ಅವರೇ ಅಚ್ಚು ಮಾಡಿದ ಪುಟಗಳಲ್ಲಿ ಹೆಂಗಸರು ಗಂಡಸರ ಸರಿಸಮಕ್ಕೆ, ಸ್ವಂತ ಹೆಸರಿನಲ್ಲಿ ನಿಂತಿದ್ದಾರೆ. ಗಂಡು ಎಳೆಯೊಂದನ್ನೇ ಹಿಡಿದರೆ ಸೆಲೈನ್ಸ್ ಕಂಡ ಊರಿನ ಅರ್ಧ ಭಾಗ ಮಾಯವಾಗುತ್ತದೆ.

ಪಟ್ಟಿಯ ನಕಲು ಕೈಯಲ್ಲಿ ಹಿಡಿದು ಮ್ಯಾನ್‌ಹ್ಯಾಟನ್ನಿನ ದಕ್ಷಿಣ ತುದಿಯಲ್ಲಿ ನಾನೂ ನಡೆದೆ. ಈಗಿನ ಸ್ಟೋನ್ ಸ್ಟ್ರೀಟ್ ಬಿಯರ್ ಭಟ್ಟಿಯವರ ಬೀದಿಯಾಗಿತ್ತು. ಬ್ರಾಡ್ ಸ್ಟ್ರೀಟಿನ ನಡುವೆ ಕಾಲುವೆ ಹರಿಯುತ್ತಿತ್ತು. 1676ರಲ್ಲಿ ಅದನ್ನು ಮುಚ್ಚಿದರು, ಬೀದಿ ಇಂದಿಗೂ ಅಷ್ಟು ಅಗಲವಾಗಿರುವುದು ಅದರಿಂದಲೇ. ಪರ್ಲ್ ಸ್ಟ್ರೀಟ್ ಆಗ ನೀರಿನ ಅಂಚು. ಈಗ ಅಲ್ಲಿಂದ ನದಿಗೆ ಹಲವು ಬೀದಿ ದಾಟಬೇಕು. ವಾಲ್ ಸ್ಟ್ರೀಟಿನಲ್ಲಿ 1653ರಲ್ಲಿ ಎಬ್ಬಿಸಿದ ಗೋಡೆ ಸೆಲೈನ್ಸ್‌ನ ಕಾಲದಲ್ಲಿ ಇನ್ನೂ ಇತ್ತು, ಕೆಡವಿದ್ದು 1699ರಲ್ಲಿ. ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನಡೆದರೂ ಹೆಚ್ಚು ಹೊತ್ತು ಹಿಡಿಯದ ಊರು. ಯಾರ ಪಕ್ಕದ ಮನೆ ಯಾರದು ಎಂದು ಗೊತ್ತಾದ ಕೂಡಲೇ ಮದುವೆಗಳು ಅರ್ಥವಾಗತೊಡಗುತ್ತವೆ.

ಪಟ್ಟಿ ಗೋಡೆಯ ಹೊರಗೂ ಹೋಗುತ್ತದೆ. ಉತ್ತರಕ್ಕಿದ್ದ ಸಿಹಿನೀರಿನ ಕೆರೆಯ ಆಚೆಗೆ ಎಂಬ ಭಾಗವೊಂದಿದೆ. ನಾನು ಹೆಚ್ಚು ಹೊತ್ತು ನಿಂತದ್ದು ಅಲ್ಲಿ. ಫ್ರಾನ್ಸಿಸ್ಕೊ ಬಾಸ್ಟಿಯಾನ್ಸ್, ಬಾರ್ಬರಾ ಎಮಾನುಯೆಲ್ಸ್, ಕ್ಲಾಸ್ ಎಮಾನುಯೆಲ್ಸ್, ಯಾನ್ ಡೆ ವ್ರೀಸ್: ಇವರು ಸ್ವತಂತ್ರರಾಗಿದ್ದ ಆಫ್ರಿಕಾ ಮೂಲದವರು. ಇವರ ಕಥೆ 1644ಕ್ಕೆ ಹೋಗುತ್ತದೆ. ಆ ವರ್ಷ ಕಂಪನಿ ತನ್ನ ಹನ್ನೊಂದು ಮಂದಿ ಗುಲಾಮರಿಗೆ, ಅವರ ಹೆಂಡಂದಿರಿಗೆ, ಅರೆಬರೆ ಬಿಡುಗಡೆ ಕೊಟ್ಟಿತು. ವರ್ಷವರ್ಷ ಕಾಳು ಮತ್ತು ಒಂದು ಕೊಬ್ಬಿದ ಹಂದಿ ಕಪ್ಪವಾಗಿ ಒಪ್ಪಿಸಬೇಕು, ಕರೆದಾಗ ಕೆಲಸಕ್ಕೆ ಬರಬೇಕು. ಎಲ್ಲಕ್ಕಿಂತ ಕ್ರೂರವಾದ ಷರತ್ತು: ಹುಟ್ಟಿದ, ಇನ್ನು ಹುಟ್ಟಲಿರುವ ಮಕ್ಕಳು ಗುಲಾಮರಾಗಿಯೇ ಉಳಿಯುತ್ತಾರೆ.

ಇಂಥ ತಾಯ್ತಂದೆಯರು ಮಕ್ಕಳನ್ನು ಎತ್ತಿಕೊಂಡು ಚರ್ಚಿಗೆ ಬರುತ್ತಿದ್ದರು. 1639ರಿಂದ 1655ರವರೆಗಿನ ದೀಕ್ಷಾಸ್ನಾನದ ಪುಟಗಳಲ್ಲಿ ಕರಿಯರ ಮಕ್ಕಳ ಹೆಸರುಗಳು ಆಗಾಗ ಬರುತ್ತವೆ, ಆಮೇಲೆ ನಿಂತೇಹೋಗುತ್ತವೆ. ಕಾರಣ ಹೇಳಿದವನು ಇದೇ ಸೆಲೈನ್ಸ್. ಬ್ರೂಕ್ಲಿನ್‌ನಲ್ಲಿ ಯುವ ಪಾದ್ರಿಯಾಗಿದ್ದಾಗ, 1664ರ ಜೂನ್‌ನಲ್ಲಿ, ಆಮ್‌ಸ್ಟರ್‌ಡ್ಯಾಮಿನ ಮೇಲಧಿಕಾರಿಗಳಿಗೆ ಆತ ಬರೆದ: ಇವರಿಗೆ ಧರ್ಮಜ್ಞಾನ ಸಾಲದು, ಮಕ್ಕಳನ್ನು ಗುಲಾಮಗಿರಿಯಿಂದ ಬಿಡಿಸಿಕೊಳ್ಳುವುದೇ ಇವರ ಉದ್ದೇಶ, ಹಾಗಾಗಿ ದೀಕ್ಷಾಸ್ನಾನ ಕೊಡಲಿಲ್ಲ. ಹೆತ್ತವರು ಮಗುವಿಗೆ ಬಿಡುಗಡೆ ಬಯಸಿದ್ದೇ ತಪ್ಪಾಗಿ ಕಂಡ ಆ ವಾಕ್ಯವನ್ನು ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಪುಸ್ತಕದಲ್ಲಿ 1655ರ ನಂತರ ಬೀಳುವ ಖಾಲಿ ಜಾಗವನ್ನು ಜನ ಇಲ್ಲದ ಕಾಲವೆಂದು ಓದಬಾರದು. ಜನ ಇದ್ದರು, ಬಾಗಿಲಿಗೂ ಬಂದಿದ್ದರು.

ಅದೇ ಪಾದ್ರಿ ಹಾಲೆಂಡಿಗೆ ಮರಳಿ, 1682ರಲ್ಲಿ ಮತ್ತೆ ಬಂದು, ಕೆರೆಯಾಚೆಯ ಆ ಕುಟುಂಬಗಳನ್ನು ತನ್ನ ಸದಸ್ಯರೆಂದು ಬರೆದುಕೊಂಡ. ಅವನ ಮನಸ್ಸು ಬದಲಾಗಿತ್ತೆಂದು ಹೇಳಲು ನನಗೆ ಧೈರ್ಯವಿಲ್ಲ. ಪಟ್ಟಿಯಲ್ಲಿ ಹೆಸರುಗಳಿವೆ, ಅದು ಸತ್ಯ. ಅಪ್ಪನ ಹೆಸರನ್ನು ಹೊತ್ತ ಡಚ್ ಪದ್ಧತಿ ಇಲ್ಲಿ ಅತ್ಯಂತ ದೊಡ್ಡ ಉಪಕಾರ ಮಾಡುತ್ತದೆ. ಚರ್ಚಿನ ಕಡತಗಳಲ್ಲಿ ಸಾಲೊಮನ್ ಪೀಟರ್ಸ್ ಎಂಬವನಿದ್ದಾನೆ. ಹೆಂಡತಿ ಮಾರಿಯಾ ಆಂತೋನಿಸ್ ಪೋರ್ತುಗೀಸ್. 1644ರ ಹನ್ನೊಂದು ಹೆಸರುಗಳ ಕಾಗದವನ್ನು ಪಕ್ಕದಲ್ಲಿಟ್ಟು ನೋಡಿ: ಪೀಟರ್ ಸಾಂತೊಮೆ ಒಬ್ಬ, ಆಂತೋನಿ ಪೋರ್ತುಗೀಸ್ ಇನ್ನೊಬ್ಬ. ಒಬ್ಬನ ಮಗ, ಇನ್ನೊಬ್ಬನ ಮಗಳು. ಸಾಲೊಮನ್ ಸ್ವಂತ ಭೂಮಿಯಿದ್ದ ರೈತ. 1694ರಲ್ಲಿ ಉಯಿಲು ಬರೆಸಿದ.

ಕ್ಲಾಸ್ ಎಮಾನುಯೆಲ್ಸ್ ಮತ್ತು ಯಾನ್ ಡೆ ವ್ರೀಸ್ ಪಟ್ಟಿಯಾದ ಮರುವರ್ಷವೇ ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತಾರೆ. ಹಡ್ಸನ್ ನದಿಯ ಪಶ್ಚಿಮಕ್ಕೆ, ಇಂದಿನ ನ್ಯೂಜೆರ್ಸಿ ಗಡಿಯ ಟಪಾನ್‌ನಲ್ಲಿ, ಹದಿನಾರು ಮಂದಿ ಸೇರಿ 1687ರಲ್ಲಿ ಜಮೀನಿನ ಹಕ್ಕುಪತ್ರ ಪಡೆದರು. ಉಳಿದ ಪಾಲುದಾರರ ಸಾಲಿನಲ್ಲಿ ಈ ಇಬ್ಬರ ಹೆಸರೂ ಇವೆ. ಟಪಾನ್‌ನಲ್ಲಿ 1694ರಲ್ಲಿ ಡಚ್ ಸಭೆ ಆರಂಭವಾಯಿತು. ಅವರ ಮಕ್ಕಳು ಮೊಮ್ಮಕ್ಕಳನ್ನು ಹುಡುಕಬೇಕಾದದ್ದು ಇನ್ನು ಆ ಸಭೆಯ ಪುಸ್ತಕಗಳಲ್ಲಿ.