ಮಗ ಎಷ್ಟು ಹೊತ್ತಿಗೆ ಬರ್ತಾನೆ?

ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಮಕ್ಕಳು ಅಮೆರಿಕದಲ್ಲಿರೋ ಮನೆಯಲ್ಲಿ ಹಿರಿಯರು ತೀರಿಕೊಂಡರೆ, ಅಂಗಳದಲ್ಲಿ ಕೂತ ನೆಂಟರು ಮೊದಲು ಕೇಳೋದು ಇದನ್ನೇ. ಯಾರೋ ಒಬ್ಬರು ಮೊಬೈಲ್ ನೋಡಿ ‘ಹದಿನೇಳು ಗಂಟೆ’ ಅಂತಾರೆ. ದಯವಿಟ್ಟು ಅದನ್ನು ನಂಬಿ ಹೊತ್ತು ಗೊತ್ತು ಮಾಡಬೇಡಿ.

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನೇರ ದೂರ ಸುಮಾರು 13,990 ಕಿ.ಮೀ. 2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಅಲ್ಲಿಂದ ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಣ್ಣುಮಕ್ಕಳು. ಉತ್ತರ ಧ್ರುವದ ಮೇಲಿಂದ ಹಾದು 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು. ಧ್ರುವ ಯಾಕೆ ಅಂದ್ರೆ, ಎರಡು ಊರುಗಳೂ ಭೂಮಿಯ ಹೆಚ್ಚುಕಮ್ಮಿ ಎದುರುಬದುರು ಪಕ್ಕದಲ್ಲಿವೆ. ಗ್ಲೋಬ್ ಮೇಲೆ ದಾರ ಎಳೆದು ಹಿಡಿದು ನೋಡಿ, ಅದು ತಾನೇ ನೆತ್ತಿಯ ಕಡೆ ಜಾರುತ್ತೆ. ಆದರೆ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸೋ ಗಾಳಿಯ ಲೆಕ್ಕವೂ ಇದೆ. ಅದರ ಬೆನ್ನು ಹತ್ತಿದರೆ ದೂರ ಜಾಸ್ತಿಯಾದರೂ ಹೊತ್ತು ಉಳಿಯುತ್ತೆ. ಹಾಗಾಗಿ ಹೋಗುವಾಗ ವಿಮಾನ ಪೆಸಿಫಿಕ್ ಕಡೆಯಿಂದ ಹೋಗೋದೂ ಉಂಟು. ಬರೀ ಕಿಲೋಮೀಟರ್ ನೋಡಿ ಗಂಟೆ ಹೇಳೋಕಾಗಲ್ಲ.

ಈಗ ಗುಬ್ಬಿಯ ಲೆಕ್ಕ. ಚಳಿಗಾಲದ ಸೋಮವಾರ ರಾತ್ರಿ ಹತ್ತಕ್ಕೆ ಇಲ್ಲಿಂದ ಫೋನ್ ಹೋಯ್ತು ಅನ್ನಿ. ನಾವು ಹದಿಮೂರೂವರೆ ಗಂಟೆ ಮುಂದಿರೋದರಿಂದ ಅಲ್ಲಿ ಆಗಿನ್ನೂ ಸೋಮವಾರ ಬೆಳಿಗ್ಗೆ ಎಂಟೂವರೆ. (ಬೇಸಿಗೆಯಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸ್ತಾರೆ, ವ್ಯತ್ಯಾಸ ಹನ್ನೆರಡೂವರೆ.) ರಜೆ ಹೇಳಿ, ಟಿಕೆಟ್ ಹುಡುಕಿ, ರಾತ್ರಿ ಒಂಬತ್ತಕ್ಕೆ ನೇರ ವಿಮಾನ ಇದ್ದು, ಅದರಲ್ಲಿ ಸೀಟೂ ಸಿಕ್ಕರೆ ಅದೇ ಅದೃಷ್ಟ. ಅಷ್ಟೊತ್ತಿಗೆ ನಮಗೆ ಮಂಗಳವಾರ ಬೆಳಿಗ್ಗೆ ಹತ್ತೂವರೆ. ಹದಿನೇಳು ಗಂಟೆ ಕೂಡಿಸಿದರೆ ದೇವನಹಳ್ಳಿಯಲ್ಲಿ ಇಳಿಯೋದು ಬುಧವಾರ ನಸುಕಿನ ಮೂರೂವರೆಗೆ. ಇಮಿಗ್ರೇಷನ್, ಲಗೇಜು ಅಂತ ಇನ್ನೊಂದು ಗಂಟೆ. ಆಮೇಲೆ ದೊಡ್ಡಬಳ್ಳಾಪುರ, ದಾಬಸ್‌ಪೇಟೆ, ತುಮಕೂರು ದಾಟಿ ಗುಬ್ಬಿ ಸೇರುವಾಗ ಏಳು ಗಂಟೆ. ಫೋನ್ ಬಂದು ಮೂವತ್ತಮೂರು ಗಂಟೆಯಾಗಿರುತ್ತೆ!

ನೇರ ವಿಮಾನ ಸಿಗದೆ ನಡುವೆ ಎಲ್ಲೋ ಇಳಿದು ಬದಲಾಯಿಸಿದರೆ ಬುಧವಾರ ಮಧ್ಯಾಹ್ನವೇ. ಕುಣಿಗಲ್‌ನವರಾದರೆ ನೆಲಮಂಗಲ, ಸೋಲೂರು ಕಡೆಯಿಂದ ಬರಬೇಕು. ಬೆಳಿಗ್ಗೆ ನೆಲಮಂಗಲದ ಟ್ರಾಫಿಕ್ ಬಗ್ಗೆ ನಾನು ಹೇಳಬೇಕಾ?

ಅದಕ್ಕೇ ಊರಲ್ಲಿ ಹೇಳುವಾಗ ವಿಮಾನದ ಗಂಟೆ ಬೇಡ, ‘ಬುಧವಾರ ಬೆಳಿಗ್ಗೆ ಏಳರ ಮೇಲೆ’ ಅಂತ ನಮ್ಮ ವಾರ, ನಮ್ಮ ಹೊತ್ತು ಹೇಳಿ. ಫ್ರೀಜರ್ ಬಾಕ್ಸ್ ಎಷ್ಟು ಹೊತ್ತಿಗೆ ಬೇಕು, ದೂರದ ನೆಂಟರು ಯಾವಾಗ ಹೊರಡಬೇಕು ಅನ್ನೋದೆಲ್ಲ ಅದರ ಮೇಲೇ ನಿಂತಿರುತ್ತೆ. ಅಲ್ಲಿರೋರು ಪಾಸ್‌ಪೋರ್ಟ್ ಅವಧಿ ಈಗಲೇ ನೋಡಿಕೊಳ್ಳಿ. ಅಮೆರಿಕದ ಪೌರತ್ವ ತಗೊಂಡವರು ಓಸಿಐ ಕಾರ್ಡನ್ನು ಜೊತೆಗೇ ಇಟ್ಟಿರಿ. ಅದೂ ಇಲ್ಲ, ವೀಸಾನೂ ಇಲ್ಲ ಅಂದ್ರೆ ವಿಮಾನ ಹತ್ತೋಕೇ ಬಿಡಲ್ಲ. ಇನ್ನು, ಕಾಯೋದೋ ಬೇಡವೋ ಅನ್ನೋ ಮಾತನ್ನು ಮಗ ವಿಮಾನ ಹತ್ತೋ ಮುಂಚೆಯೇ ಅವನ ಹತ್ತಿರ ಆಡಿ ಮುಗಿಸಿ. ಆಮೇಲೆ ಅವನು ಫೋನಿಗೆ ಸಿಗ್ತಾನೆ ಅಂತ ಹೇಳೋಕಾಗಲ್ಲ.