ಬೋರ್ಡ್ ನೋಡಿ ಪ್ರೊಸೆಸರ್ ತನ್ನಿ

ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಮೊದಲು ಕೈಕೊಡುವುದು ಒಳಗಿನ ಭಾಗಗಳಿಗೆ ಕರೆಂಟು ಹಂಚುವ ಎಸ್‌ಎಂಪಿಎಸ್. ಕರೆಂಟು ಹೋಗಿ ಬಂದು, ವೋಲ್ಟೇಜು ಏರಿ ಇಳಿದು ಅದು ಒಂದು ದಿನ ಸುಟ್ಟುಹೋಗುತ್ತದೆ. ಆಮೇಲೆ ಹಾರ್ಡ್‌ಡಿಸ್ಕಿನ ಸರದಿ, ಫ್ಯಾನಿನ ಸರದಿ. ವರ್ಷಗಳು ಕಳೆದಂತೆ ಮದರ್‌ಬೋರ್ಡಿನ ಕೆಪಾಸಿಟರುಗಳು ತಲೆ ಉಬ್ಬಿಸಿಕೊಂಡು ನಿಲ್ಲುತ್ತವೆ. ಇಷ್ಟೆಲ್ಲ ಆದಮೇಲೂ ಪ್ರೊಸೆಸರ್ ಮಾತ್ರ ಬಹುತೇಕ ಗಟ್ಟಿಯಾಗಿಯೇ ಇರುತ್ತದೆ. ಅದರಲ್ಲಿ ತಿರುಗುವ ಭಾಗವಿಲ್ಲ. ಬಿಸಿ ಹೆಚ್ಚಾದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಇನ್ನೂ ಹೆಚ್ಚಾದರೆ ಯಂತ್ರವನ್ನೇ ಆರಿಸಿ ತನ್ನನ್ನು ಉಳಿಸಿಕೊಳ್ಳುತ್ತದೆ. ಹಾಗಾಗಿ ಕಂಪ್ಯೂಟರಿನ ಬಿಡಿಭಾಗಗಳಲ್ಲಿ ಸೆಕೆಂಡ್ ಹ್ಯಾಂಡ್ ಎಂಬ ಅಳುಕಿಲ್ಲದೆ ಕೊಳ್ಳಬಹುದಾದದ್ದು ಯಾವುದೆಂದು ಯಾರಾದರೂ ಕೇಳಿದರೆ ನನ್ನ ಉತ್ತರ ಪ್ರೊಸೆಸರ್. ಹಳೆಯ ಹಾರ್ಡ್‌ಡಿಸ್ಕನ್ನು ನಾನು ಯಾರಿಗೂ ಕೊಳ್ಳಿ ಎನ್ನುವುದಿಲ್ಲ, ಹಳೆಯ ಎಸ್‌ಎಂಪಿಎಸ್ ಅಂತೂ ಬೇಡವೇ ಬೇಡ.

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಂಥ ಊರಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಭದ್ರಾ ನಾಲೆಯ ನೀರು, ಭತ್ತದ ಗದ್ದೆ, ಅಡಿಕೆ ತೋಟ, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧನಾ ಕೇಂದ್ರ, ಇವು ಊರಿನ ಗುರುತು. ಕಂಪ್ಯೂಟರಿನ ಊರೆಂದು ಇದನ್ನು ಯಾರೂ ಕರೆಯುವುದಿಲ್ಲ. ಆದರೂ ಈ ಭಾಗದ ರೈತನ ಬದುಕಿನ ಅರ್ಧ ಕಾಗದಪತ್ರ ಇವತ್ತು ಯಾವುದೋ ಒಂದು ಡೆಸ್ಕ್‌ಟಾಪಿನ ಮೂಲಕವೇ ಹಾದುಹೋಗಬೇಕು. ಪಹಣಿ ತೆಗೆಸಬೇಕು, ಫ್ರೂಟ್ಸ್‌ನಲ್ಲಿ ರೈತನ ನೋಂದಣಿ ಆಗಬೇಕು, ಬೆಳೆ ವಿಮೆ ಕಟ್ಟಬೇಕು, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಜೆರಾಕ್ಸ್ ಅಂಗಡಿ, ಆನ್‌ಲೈನ್ ಸೆಂಟರ್, ನುಡಿ ತಂತ್ರಾಂಶದಲ್ಲಿ ಲಗ್ನಪತ್ರಿಕೆ ಟೈಪು ಮಾಡುವ ಡಿಟಿಪಿ, ಮದುವೆ ಆಲ್ಬಂ ಮಾಡುವ ಸ್ಟುಡಿಯೋ, ಸೊಸೈಟಿ, ಶಾಲೆಯ ಕಚೇರಿ, ಎಲ್ಲ ಕಡೆಯೂ ಮೇಜಿನ ಕೆಳಗೊಂದು ಡಬ್ಬ ಇದೆ. ಹೊರಗೆ ಜನ ಸಾಲುಗಟ್ಟಿ ನಿಂತಿರುವಾಗ ಒಳಗೆ ಪರದೆಯ ಮೇಲೆ ಉಂಗುರ ಸುತ್ತುತ್ತಲೇ ಇದ್ದರೆ ಆ ಕಾಯುವಿಕೆ ಅಂಗಡಿಯವನಿಗೂ ಕಷ್ಟ, ಕೂಲಿ ಬಿಟ್ಟು ಬಂದವನಿಗೂ ಕಷ್ಟ.

ಈ ಡಬ್ಬಗಳಲ್ಲಿ ಎಷ್ಟೋ ಇನ್ನೂ 2011ರಿಂದ 2014ರೊಳಗೆ ಅಸೆಂಬಲ್ ಮಾಡಿಸಿದವು. ಆ ಕಾಲದಲ್ಲಿ ನಮ್ಮ ಕಡೆ ಕಡಿಮೆ ದುಡ್ಡಿಗೆ ಕಂಪ್ಯೂಟರ್ ಕಟ್ಟಿಸುವುದೆಂದರೆ ಎಚ್61 ಬೋರ್ಡು, ಅದರ ಮೇಲೊಂದು ಪೆಂಟಿಯಂ ಅಥವಾ ಐ3. ಇದೇ ಈಗ ಅನುಕೂಲವಾಗಿದೆ. ಎಚ್61 ಬೋರ್ಡಿನ ಸಾಕೆಟ್ಟಿನ ಹೆಸರು ಎಲ್‌ಜಿಎ 1155. ಇಂಟೆಲ್‌ನ ಎರಡನೇ ಜನರೇಷನ್ (2011) ಮತ್ತು ಮೂರನೇ ಜನರೇಷನ್ (2012) ಪ್ರೊಸೆಸರುಗಳು ಎರಡೂ ಅದೇ ಸಾಕೆಟ್ಟಿಗೆ ಕೂರುತ್ತವೆ. ಪೆಂಟಿಯಂ ಜಿ620 ಇದ್ದ ಜಾಗದಲ್ಲಿ ಐ5-3470 ಕೂರಿಸಿದರೆ ಎರಡು ಕೋರ್ ಇದ್ದದ್ದು ನಾಲ್ಕಾಗುತ್ತದೆ, 2.6 ಗಿಗಾಹರ್ಟ್ಸ್ ಇದ್ದದ್ದು 3.2 ಆಗುತ್ತದೆ, ಕ್ಯಾಷ್ ಮೂರರಿಂದ ಆರು ಎಂಬಿಗೆ ಏರುತ್ತದೆ. ಆ ಕಾಲದ ಪೆಂಟಿಯಂನಲ್ಲಿ ಎವಿಎಕ್ಸ್ ಎಂಬ ಲೆಕ್ಕಾಚಾರದ ಸೌಲಭ್ಯವೂ ಇಲ್ಲ. ಅದನ್ನು ಬೇಡುವ ಹೊಸ ಸಾಫ್ಟ್‌ವೇರ್ ಇನ್‌ಸ್ಟಾಲ್ ಆದರೂ ತೆರೆಯುವುದಿಲ್ಲ. ಐ5ರಲ್ಲಿ ಅದು ಇದೆ. ಬೋರ್ಡು, ರ್‍ಯಾಮು, ಕ್ಯಾಬಿನೆಟ್, ಪ್ರಿಂಟರಿನ ಡ್ರೈವರ್ ಯಾವುದನ್ನೂ ಮುಟ್ಟದೆ ಯಂತ್ರದ ಬಲ ಹೆಚ್ಚುವ ದಾರಿ ಇದು. ಹೊಸ ಕಂಪ್ಯೂಟರಿನ ಬೆಲೆಯಲ್ಲಿ ಸಣ್ಣದೊಂದು ಪಾಲಿಗೆ ಕೆಲಸ ಮುಗಿಯುತ್ತದೆ.

ಆದರೆ ಅಂಗಡಿಗೆ ಹೋಗಿ 'ಒಂದು ಐ5 ಕೊಡಿ' ಎಂದು ಕೇಳುವಂತಿಲ್ಲ. ಕಸುಬುದಾರ ಮೊದಲು ನೋಡುವುದು ಬೋರ್ಡನ್ನು. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ, ಧೂಳು ಊದಿ, ರ್‍ಯಾಮ್ ಸ್ಲಾಟಿನ ಪಕ್ಕವೋ ಪಿಸಿಐ ಸ್ಲಾಟುಗಳ ನಡುವೆಯೋ ಬೋರ್ಡಿನ ಮೇಲೆ ಅಚ್ಚಾಗಿರುವ ಹೆಸರನ್ನು ಓದುತ್ತಾನೆ. ಬಿಚ್ಚಲು ಮನಸ್ಸಿಲ್ಲದವರಿಗೆ ಸಿಪಿಯು-ಝಡ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಅದೇ ಹೆಸರು, ಬಯಾಸ್‌ನ (ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನೊಳಗೇ ಇರುವ ತಂತ್ರಾಂಶದ) ಆವೃತ್ತಿಯ ಜೊತೆಗೇ ಸಿಗುತ್ತದೆ. ಆ ಹೆಸರು ಹಿಡಿದು ಬೋರ್ಡಿನ ಕಂಪನಿ ಕೊಟ್ಟಿರುವ ಪಟ್ಟಿ ನೋಡಬೇಕು: ಯಾವ ಯಾವ ಪ್ರೊಸೆಸರಿಗೆ ಬೆಂಬಲ ಇದೆ, ಅದಕ್ಕೆ ಯಾವ ಬಯಾಸ್ ಬೇಕು ಎಂಬುದು ಅದರಲ್ಲಿ ಸಾಲಾಗಿ ಇರುತ್ತದೆ.

ಕೆಲಸ ಹೆಚ್ಚಾಗಿ ಕೆಡುವುದು ಬಯಾಸ್‌ನಲ್ಲಿ. 2011ರಲ್ಲಿ ಬಂದ ಎಚ್61 ಬೋರ್ಡಿಗೆ ಮುಂದಿನ ವರ್ಷ ಹುಟ್ಟಿದ ಮೂರನೇ ಜನರೇಷನ್ನಿನ ಪರಿಚಯವೇ ಇರುವುದಿಲ್ಲ. ಪ್ರೊಸೆಸರ್ ಕೂರುತ್ತದೆ, ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಮಾತ್ರ ಬರುವುದಿಲ್ಲ. ಹಳೆಯ ಪ್ರೊಸೆಸರ್ ಇನ್ನೂ ಬೋರ್ಡಿನಲ್ಲಿ ಕೆಲಸ ಮಾಡುತ್ತಿರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿಕೊಳ್ಳಬೇಕು, ಹೊಸದನ್ನು ಆಮೇಲೆ ಹಾಕಬೇಕು. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಬೋರ್ಡೇ ಏಳದೆ ಹೋಗಬಹುದು. ಆದ್ದರಿಂದ ಬ್ಯಾಟರಿ ಸರಿ ಇರುವ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಲೋಡ್ ಶೆಡ್ಡಿಂಗ್ ಇರುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಟೆಲ್ ತನ್ನದೇ ಹೆಸರಿನ ಡೆಸ್ಕ್‌ಟಾಪ್ ಬೋರ್ಡುಗಳನ್ನು ನಿಲ್ಲಿಸುವುದಾಗಿ ಹೇಳಿದ್ದು 2013ರ ಜನವರಿಯಲ್ಲಿ. 2019ರ ಕೊನೆಗೆ ಹಳೆಯ ಬೋರ್ಡುಗಳ ಬಯಾಸ್ ಫೈಲುಗಳನ್ನೂ ತನ್ನ ತಾಣದಿಂದ ತೆಗೆಯತೊಡಗಿತು. ಕಂಪನಿಯೇ ಕೈಬಿಟ್ಟ ಇಂಥ ಫೈಲನ್ನು ಪೆನ್‌ಡ್ರೈವಿನಲ್ಲಿ ಜೋಪಾನ ಮಾಡಿಟ್ಟುಕೊಂಡಿರುವ ರಿಪೇರಿಯವನು ಊರಿಗೆ ದೊಡ್ಡ ಆಸ್ತಿ ಎಂದೇ ನನ್ನ ಭಾವನೆ.

ಇನ್ನು ಕೆಲವು ಎಚ್ಚರಿಕೆಗಳಿವೆ. ಹೆಸರಿನ ಕೊನೆಯ ಅಕ್ಷರವನ್ನು ಅಲಕ್ಷಿಸಬಾರದು. ಐ5-3350ಪಿ ಎಂಬುದು ಒಳ್ಳೆಯ ಪ್ರೊಸೆಸರೇ, ಆದರೆ ಆ 'ಪಿ' ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಅಂಗಡಿಯ ಕಂಪ್ಯೂಟರಿಗೆ ಅದನ್ನು ಹಾಕಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಅಗ್ಗಕ್ಕೆ ಸಿಗುವ ಜಿಯಾನ್ ಇ3-1230ರ ಕಥೆಯೂ ಅದೇ. 'ಟಿ' ಇದ್ದರೆ ಕರೆಂಟ್ ಕಡಿಮೆ ತಿನ್ನುತ್ತದೆ, ವೇಗವೂ ಕಡಿಮೆ. 'ಕೆ' ಇದ್ದರೆ ಹೆಚ್ಚು ದುಡ್ಡು ಕೊಡಬೇಡಿ. ಅದರ ವೇಗ ಏರಿಸುವ ಅನುಕೂಲ ಎಚ್61 ಬೋರ್ಡಿನಲ್ಲಿ ಸಿಗುವುದೇ ಇಲ್ಲ. ನಾಲ್ಕನೇ ಜನರೇಷನ್ ಬೇಕೆಂದರೆ ಅದರ ಸಾಕೆಟ್ 1150, ಇದಕ್ಕೆ ಕೂರದು. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು 1151ರಲ್ಲಿ. 2015ರ ಆರನೇ ಜನರೇಷನ್ನಿನಿಂದ ಒಂಬತ್ತನೆಯದರವರೆಗೂ ಸಾಕೆಟ್ಟಿನ ಹೆಸರು ಅದೇ. ಆದರೆ ಎಂಟು, ಒಂಬತ್ತಕ್ಕೆ 300 ಸರಣಿಯ ಚಿಪ್‌ಸೆಟ್ ಇರುವ ಬೋರ್ಡೇ ಬೇಕು. ಎಚ್110 ಬೋರ್ಡಿಗೆ ಎಂಟನೇ ಜನರೇಷನ್ ತಂದು ಕೂರಿಸಿದರೆ ಅದು ಕೆಲಸ ಮಾಡುವುದಿಲ್ಲ.

ಇವೆಲ್ಲ ಸಿಗುವ ಜಾಗ ಬೆಂಗಳೂರಿನ ಎಸ್.ಪಿ. ರಸ್ತೆ. ಟೌನ್‌ಹಾಲಿನಿಂದ ನಡೆದು ಹೋಗುವಷ್ಟು ಹತ್ತಿರ, ಜೆ.ಸಿ. ರಸ್ತೆ ಮತ್ತು ಸಿಟಿ ಮಾರ್ಕೆಟ್ಟಿನ ಆಸುಪಾಸಿನಲ್ಲಿರುವ ಈ ಇಕ್ಕಟ್ಟಿನ ರಸ್ತೆಯ ಪೂರ್ತಿ ಹೆಸರು ಸಾದರ್ ಪತ್ರಪ್ಪ ರಸ್ತೆ. ದಾವಣಗೆರೆಯಿಂದ ಸುಮಾರು 260 ಕಿಲೋಮೀಟರು. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಮೆಜೆಸ್ಟಿಕ್. ಭಾನುವಾರ ಬಹುತೇಕ ಅಂಗಡಿಗಳ ಬಾಗಿಲು ಹಾಕಿರುವುದರಿಂದ ವಾರದ ದಿನವೇ ಹೋಗಬೇಕು. ನೆಲ ಅಂತಸ್ತಿನಲ್ಲಿ ಹೊಸ ಮಾಲು, ಮೇಲಿನ ಮಹಡಿಗಳ ಕಿರಿದಾದ ಓಣಿಗಳಲ್ಲಿ ಬಳಸಿದ ಮಾಲು. ಐಟಿ ಕಂಪನಿಗಳು, ಬ್ಯಾಂಕುಗಳು ಮೂರು, ನಾಲ್ಕು, ಐದು ವರ್ಷಕ್ಕೊಮ್ಮೆ ಕಂಪ್ಯೂಟರು ಬದಲಿಸುವ ನಗರ ಇದು. ಎಸಿ ಕೋಣೆಯಲ್ಲಿ, ಯುಪಿಎಸ್ ಮೇಲೆ ಓಡಿದ ಆ ಡೆಸ್ಕ್‌ಟಾಪುಗಳನ್ನು ಲಾಟಿನಲ್ಲಿ ಕೊಂಡು ಬಿಚ್ಚಿ ಮಾರುವವರಿದ್ದಾರೆ. ನಮ್ಮೂರಿನ ಆನ್‌ಲೈನ್ ಸೆಂಟರಿಗೆ ಬರುವ ಐ5 ಹೀಗೆ ಯಾವುದೋ ಕಚೇರಿಯಲ್ಲಿ ಹಗುರ ಕೆಲಸ ಮಾಡಿ ಬಂದದ್ದಾಗಿರಬಹುದು.

ಪ್ರೊಸೆಸರಿಗೂ ಬೆಂಗಳೂರಿಗೂ ಮಾರಾಟದ ನಂಟಷ್ಟೇ ಇರುವುದಲ್ಲ. 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಆರು ಕೋರಿನ ಜಿಯಾನ್ 7400, 190 ಕೋಟಿ ಟ್ರಾನ್ಸಿಸ್ಟರುಗಳ ಆ ಸರ್ವರ್ ಪ್ರೊಸೆಸರ್, ವಿನ್ಯಾಸವಾದದ್ದು ಇಂಟೆಲ್‌ನ ಬೆಂಗಳೂರು ಕೇಂದ್ರದಲ್ಲಿ. ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿರುವ ನಮ್ಮ ಕಡೆಯ ಮಕ್ಕಳಿಗೆ ಇದನ್ನು ಹೇಳಬೇಕು.

ಎಸ್.ಪಿ. ರಸ್ತೆಯ ಒಳ್ಳೆಯ ಅಂಗಡಿಯ ಗುರುತು ಅಂಗಡಿಯವನು ಕೇಳುವ ಮೊದಲ ಪ್ರಶ್ನೆಯಲ್ಲೇ ಇದೆ. 'ಥರ್ಡ್ ಜೆನ್ ಐ ಫೈವ್ ಇದ್ಯಾ ಸಾರ್?' ಎಂದರೆ ಬೆಲೆ ಹೇಳುವ ಬದಲು 'ಬೋರ್ಡ್ ಯಾವ್ದು ಹೇಳಿ' ಎನ್ನುವವನಲ್ಲಿ ವ್ಯಾಪಾರ ಮಾಡಿ. ಕೈಗೆ ಕೊಟ್ಟ ಪ್ರೊಸೆಸರಿನ ಲೋಹದ ಮುಚ್ಚಳವನ್ನು ಒರೆಸಿ ಓದಿ. ಮಾದರಿಯ ಹೆಸರಿನ ಜೊತೆಗೆ ಎಸ್‌ಆರ್ ಎಂದು ಶುರುವಾಗುವ ಐದು ಅಕ್ಷರದ ಗುರುತು ಕಾಣಬೇಕು. ಐ5-3470ಕ್ಕಾದರೆ ಅದು ಎಸ್‌ಆರ್0ಟಿ8. ಅದರ ಬದಲು 'ಇಂಟೆಲ್ ಕಾನ್ಫಿಡೆನ್ಷಿಯಲ್' ಎಂದು ಕೆತ್ತಿದ್ದರೆ ಅದು ಪರೀಕ್ಷೆಗೆಂದು ಮಾಡಿದ ಸ್ಯಾಂಪಲ್, ಬೇಡ ಎಂದು ವಾಪಸು ಕೊಡಿ. ಹಿಂಬದಿಯ ಚಿನ್ನದ ಬಣ್ಣದ ಚುಕ್ಕೆಗಳಲ್ಲಿ ಸುಟ್ಟ ಕಲೆ ಇರಬಾರದು, ನಡುವಿನ ಸಣ್ಣ ಬಿಡಿಭಾಗಗಳಲ್ಲಿ ಒಂದೂ ಕಿತ್ತುಹೋಗಿರಬಾರದು. ಅಲ್ಲೇ ಒಂದು ಬೋರ್ಡಿಗೆ ಹಾಕಿ ಡಿಸ್‌ಪ್ಲೇ ತೋರಿಸಲು ಹೇಳಿ. ಟೆಸ್ಟಿಂಗ್ ವಾರಂಟಿ ಎಷ್ಟು ದಿನ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬಾಯಿಮಾತಿನ ವಾರಂಟಿ ನಂಬಿಕೊಂಡು 260 ಕಿಲೋಮೀಟರು ವಾಪಸು ಹೋಗಲು ಆಗುವುದಿಲ್ಲ.

ಕೂರಿಸುವ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆರಿಸಿ, ವೈರು ಕಿತ್ತು ಆಮೇಲೆ ಬಿಚ್ಚುತ್ತಾರೆ. ಒಣಗಿ ಅಂಟಿಕೊಂಡ ಪೇಸ್ಟು ಆಗ ಸಡಿಲವಾಗುತ್ತದೆ. ಹೀಟ್‌ಸಿಂಕಿನ ನಾಲ್ಕು ಕಾಲುಗಳನ್ನು ಬಿಡಿಸಿ, ಎಳೆಯದೆ, ನಿಧಾನಕ್ಕೆ ಎಡಬಲ ತಿರುಗಿಸಿ ಎತ್ತಬೇಕು. ಕೆಳಗೆ ಪ್ರೊಸೆಸರನ್ನು ಅದುಮಿ ಹಿಡಿದಿರುವ ಚೌಕಟ್ಟಿದೆ, ಪಕ್ಕದಲ್ಲಿ ಕಬ್ಬಿಣದ ಸಣ್ಣ ಸನ್ನೆ. ಸನ್ನೆ ಎತ್ತಿ, ಚೌಕಟ್ಟು ತೆರೆದು, ಪ್ರೊಸೆಸರನ್ನು ಅಂಚು ಹಿಡಿದು ನೇರ ಮೇಲಕ್ಕೆ ತೆಗೆದರೆ ಸಾಕೆಟ್ಟಿನ 1155 ಪಿನ್ನುಗಳು ಕಾಣುತ್ತವೆ. ಇಂಟೆಲ್‌ನ ಈ ಸಾಕೆಟ್ಟುಗಳಲ್ಲಿ ಪಿನ್ನು ಇರುವುದು ಬೋರ್ಡಿನಲ್ಲಿ, ಕೂದಲಿನಷ್ಟು ಸಣ್ಣವು. ಇಲ್ಲಿ ಕಸುಬುದಾರ ಆತುರಪಡುವುದಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು, ನಾಟಿ ಮಾಡಿದ ಗದ್ದೆಯ ಸಾಲಿನಲ್ಲಿ ವಾಲಿದ ಸಸಿಯನ್ನು ಹುಡುಕುವಂತೆ ಪ್ರತಿ ಸಾಲನ್ನೂ ನೋಡುತ್ತಾನೆ. ಒಂದು ಪಿನ್ನು ಬಾಗಿದ್ದರೂ ಒಂದು ಸ್ಲಾಟಿನ ರ್‍ಯಾಮು ಕಾಣೆಯಾಗಬಹುದು, ಇಲ್ಲವೇ ಕಂಪ್ಯೂಟರೇ ಏಳದಿರಬಹುದು. ಆಮೇಲೆ ಹೊಸದನ್ನು ಅದರ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ ಇಳಿಬಿಡಬೇಕು. ಒತ್ತಬಾರದು, ಅದರ ಭಾರಕ್ಕೇ ಅದು ಕೂರಬೇಕು. ಸನ್ನೆ ಇಳಿಸುವಾಗ ಕರಕರ ಎನ್ನುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಮುಚ್ಚಳದ ನಡುವೆ ಬಟಾಣಿ ಕಾಳಿಗಿಂತ ಸಣ್ಣ ಹನಿ ಥರ್ಮಲ್ ಪೇಸ್ಟು ಸಾಕು. ಹೀಟ್‌ಸಿಂಕಿನ ಕಾಲುಗಳನ್ನು ಎದುರುಬದುರು ಮೂಲೆಗೆ ಒಂದೊಂದಾಗಿ ಒತ್ತಿದರೆ ಕೆಲಸ ಮುಗಿಯಿತು. ಎರಡನೇ ಜನರೇಷನ್ನಿನವಕ್ಕಿಂತ ಮೂರನೆಯವು ಕರೆಂಟು ಕಡಿಮೆ ತಿಂದರೂ (ಐ5-2400 ಆದರೆ 95 ವ್ಯಾಟ್, ಐ5-3470 ಆದರೆ 77) ಮುಚ್ಚಳದೊಳಗೆ ಬೆಸುಗೆಯ ಬದಲು ಪೇಸ್ಟು ತುಂಬಿರುವುದರಿಂದ ಬಿಸಿ ಹಿಡಿದಿಡುತ್ತವೆ. ಐ3ರ ಜೊತೆ ಬಂದಿದ್ದ ತೆಳು ಫ್ಯಾನನ್ನೇ ಇದಕ್ಕೂ ಹಾಕಿ ದುಡ್ಡು ಉಳಿಸಬೇಡಿ.

ಇಷ್ಟು ಹೇಳಿದ ಮೇಲೂ, ನಾನು ಹೆಚ್ಚು ಗೌರವ ಕೊಡುವುದು ಪ್ರೊಸೆಸರ್ ಮಾರದೆ ಕಳಿಸುವ ರಿಪೇರಿಯವನಿಗೆ. 'ಅಣ್ಣ, ಮೊದ್ಲು ಎಸ್‌ಎಸ್‌ಡಿ ಹಾಕ್ಸಿ, ಪ್ರೊಸೆಸರ್ ಆಮೇಲೆ ನೋಡಣ' ಎನ್ನುವ ಹುಡುಗ ಗಿರಾಕಿಯ ದುಡ್ಡನ್ನು ತನ್ನದೆಂದು ತಿಳಿದು ಮಾತಾಡುತ್ತಾನೆ. ಹಳೆಯ ಕಂಪ್ಯೂಟರ್ ತೆವಳುವುದಕ್ಕೆ ಹತ್ತರಲ್ಲಿ ಏಳೆಂಟು ಸಲ ಕಾರಣ ತಿರುಗುವ ಹಾರ್ಡ್‌ಡಿಸ್ಕು. ಎಚ್61 ಬೋರ್ಡಿನ ಸಾಟಾ ದಾರಿಯಲ್ಲಿ ಎಸ್‌ಎಸ್‌ಡಿಯ ಪೂರ್ತಿ ವೇಗ ಸಿಗುವುದಿಲ್ಲ ನಿಜ, ಸಿಕ್ಕಿದಷ್ಟಕ್ಕೇ ಕಂಪ್ಯೂಟರಿಗೆ ಜೀವ ಬರುತ್ತದೆ. ರ್‍ಯಾಮು ನಾಲ್ಕು ಜಿಬಿ ಇದ್ದರೆ ಎಂಟು ಮಾಡಿಸಬೇಕು. ಅದಾದ ಮೇಲೂ ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು ಸಾಲು ನೂರರ ಹತ್ತಿರವೇ ನಿಂತಿದ್ದರೆ ಆಗ ಪ್ರೊಸೆಸರ್ ತರಲು ಅರ್ಥವಿದೆ. ಆಲ್ಬಂ ಮಾಡುವ ಸ್ಟುಡಿಯೋಗೆ, ದೊಡ್ಡ ಫ್ಲೆಕ್ಸ್ ಡಿಸೈನ್ ತೆರೆಯುವವರಿಗೆ, ಬ್ರೌಸರಿನಲ್ಲಿ ಹತ್ತಾರು ಸರ್ಕಾರಿ ಪುಟಗಳನ್ನು ಒಟ್ಟಿಗೆ ತೆರೆದಿಟ್ಟುಕೊಳ್ಳುವ ಸೆಂಟರಿಗೆ ಅದು ಬೇಕೇ ಆಗುತ್ತದೆ.

ಇಂಥ ಹಳೆಯ ಕಂಪ್ಯೂಟರುಗಳಿಗೆ ಒಂದು ಗಡುವೂ ಇತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಪ್ಪುವ ಇಂಟೆಲ್ ಪಟ್ಟಿ ಬಹುಮಟ್ಟಿಗೆ ಎಂಟನೇ ಜನರೇಷನ್ನಿನಿಂದ ಶುರು. ಅಂದರೆ ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಮುಟ್ಟುವ ಆನ್‌ಲೈನ್ ಸೆಂಟರಿನವರು ಮೂರನೇ ಜನರೇಷನ್ನಿಗೆ ಈಗ ದುಡ್ಡು ಹಾಕುವ ಮೊದಲು ಯೋಚಿಸಬೇಕು. ಬೆರಳಚ್ಚು ಯಂತ್ರದ ಡ್ರೈವರುಗಳೂ ಹೆಚ್ಚಾಗಿ ವಿಂಡೋಸನ್ನೇ ನೆಚ್ಚಿರುತ್ತವೆ. ಅವರಿಗೆ 300 ಸರಣಿಯ ಬೋರ್ಡು, ಎಂಟನೇ ಜನರೇಷನ್ನಿನ ಬಳಸಿದ ಐ3 ಅಥವಾ ಐ5 ಜೋಡಿಯಾಗಿ ಕೊಳ್ಳುವುದು ಸರಿ. ಮನೆಯ ಕಂಪ್ಯೂಟರಿಗೆ, ಮಕ್ಕಳ ಓದಿಗೆ, ಶಾಲೆಯ ಲ್ಯಾಬಿಗೆ ಲಿನಕ್ಸ್ ಹಾಕಿದರೆ ಅದೇ ಐ5-3470 ಇನ್ನೂ ವರ್ಷಗಟ್ಟಲೆ ನಡೆಯುತ್ತದೆ, ಯೂನಿಕೋಡ್ ಕನ್ನಡ ಅದರಲ್ಲಿ ಚೆನ್ನಾಗಿ ಮೂಡುತ್ತದೆ.

ತೆಗೆದ ಹಳೆಯ ಪ್ರೊಸೆಸರನ್ನು ಹೊಸದು ಬಂದ ಪ್ಲಾಸ್ಟಿಕ್ ಗೂಡಿನಲ್ಲೇ ಇಟ್ಟು, ಟೆಸ್ಟಿಂಗ್ ವಾರಂಟಿ ಮುಗಿಯುವವರೆಗಾದರೂ ಕಾಪಾಡಿ. ಬೋರ್ಡು ಕೆಟ್ಟಿದೆಯೋ ಪ್ರೊಸೆಸರ್ ಕೆಟ್ಟಿದೆಯೋ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ನಿಜವಾಗಿ ಸತ್ತ ಬೋರ್ಡು, ಚಿಪ್ಪುಗಳನ್ನು ಮಾತ್ರ ತೂಕದ ಗುಜರಿಗೆ ಹಾಕಬೇಡಿ. ಅವುಗಳ ಮೇಲಿನ ತೆಳು ಚಿನ್ನದ ಆಸೆಗೆ ಆಸಿಡ್‌ನಲ್ಲಿ ಅದ್ದುವವರಿದ್ದಾರೆ, ಆ ನೀರು ಕೊನೆಗೆ ಚರಂಡಿಗೆ, ಕೆರೆಗೆ ಸೇರುತ್ತದೆ. ಎಸ್.ಪಿ. ರಸ್ತೆಗೆ ಹೋಗುವ ಹೆದ್ದಾರಿಯಲ್ಲೇ ಸಿಗುವ ದಾಬಸ್‌ಪೇಟೆಯಲ್ಲಿ 2005ರಿಂದ ಇ-ಪರಿಸರ ಎಂಬ ಇ-ತ್ಯಾಜ್ಯ ಸಂಸ್ಕರಣಾ ಘಟಕವಿದೆ. ಅಂಥ ಅಧಿಕೃತ ಘಟಕಗಳಿಗೆ ತಲುಪಿಸುವವರ ಕೈಗೇ ಅವನ್ನು ಕೊಡಿ.